ಕೇಳಿದ್ದು

"ಸಾರ್, ಆ ಮಹಾಸ್ಫೋಟ ಆಗಿದ್ದು ಎಲ್ಲಿ?" ಎಂದು ಮೂರನೆಯ ಸಾಲಿನಿಂದ ಯಾರೋ ಕೇಳಿದಾಗ ಅವನು ಹೆಂಡತಿಯ ಕಿವಿಗಳ ಬಗ್ಗೆ ಯೋಚಿಸುತ್ತಿದ್ದ. ತಾರಾಲಯದ ಮಧ್ಯಾಹ್ನದ ಪ್ರದರ್ಶನ ಆಗಷ್ಟೇ ಮುಗಿದಿತ್ತು. ಗುಮ್ಮಟದ ಒಳಮೈಯಿಂದ ನಕ್ಷತ್ರಗಳು ಅಳಿಸಿಹೋಗಿ ದೀಪ ಹತ್ತಿಕೊಂಡಿತ್ತು. ಇಷ್ಟು ಹೊತ್ತು ಅನಂತವಾಗಿದ್ದದ್ದು ಈಗ ಅಲ್ಲಲ್ಲಿ ಬಣ್ಣ ಎದ್ದ, ಒಂದು ಬದಿಯಲ್ಲಿ ನೀರಿನ ಕಲೆಯಿರುವ ಬರೀ ಒಂದು ಚಾವಣಿ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಒರಗು ಕುರ್ಚಿಗಳಲ್ಲಿ ಜನ ಕಣ್ಣುಜ್ಜಿಕೊಳ್ಳುತ್ತಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ವಿಶ್ವ ಹುಟ್ಟುವ ಮೊದಲೇ ಗೊರಕೆ ಹೊಡೆದವರು. ಪ್ರದರ್ಶನದ ಕೊನೆಗೆ ನಿಂತು ಪ್ರಶ್ನೆಗಳಿಗೆ ಉತ್ತರ ಹೇಳುವುದು ಅವನ ಕೆಲಸ. ಜೊತೆಯವರು ಹಿಂದಿನಿಂದ ಅವನನ್ನು ಬ್ರಹ್ಮಾಂಡ ಎಂದು ಕರೆಯುತ್ತಿದ್ದರು, ಎದುರಿಗೆ ಬಂದಾಗ ಅದಕ್ಕೊಂದು ಸಾರ್ ಸೇರಿಸುತ್ತಿದ್ದರು. ಎಲ್ಲಿ ಆಯಿತು ಎಂಬ ಪ್ರಶ್ನೆಗೆ ಅವನ ಉತ್ತರ ಎಷ್ಟು ಸಲ ಹೊರಬಿದ್ದಿತ್ತೆಂದರೆ ನಾಲಿಗೆ ತನ್ನ ಪಾಡಿಗೆ ತಾನು ಹೇಳಿಕೊಂಡು ಹೋಗುತ್ತಿತ್ತು, ಮನಸ್ಸು ಎಲ್ಲಿ ಬೇಕಾದರೂ ಅಲೆಯಬಹುದಿತ್ತು. "ಎಲ್ಲಿ ಅಂದ್ರೆ ಎಲ್ಲಾ ಕಡೆ. ನೀವು ಕೂತಿದ್ದೀರಲ್ಲ, ಆ ಕುರ್ಚಿ ಇರೋ ಕಡೇನೂ ಆಯ್ತು. ಸ್ಫೋಟ ಅಂತ ಹೆಸರಿಟ್ಟಿದ್ದೇ ತಪ್ಪು. ಪಟಾಕಿ ಸಿಡಿದ ಹಾಗಲ್ಲ ಅದು. ಸಿಡಿಯೋಕೆ ಒಂದು ಜಾಗ ಬೇಕಲ್ಲ, ಆ ಜಾಗವೇ ಆಗ ಹುಟ್ಟಿ ಹಿಗ್ಗೋಕೆ ಶುರುವಾಗಿದ್ದು." ಹಾಗಾದರೆ ಎಲ್ಲಿಗೆ ಹಿಗ್ಗುತ್ತಿದೆ, ಹೊರಗೆ ಏನಿದೆ ಎಂದು ಅದೇ ಧ್ವನಿ ಕೇಳಿತು. ಹೊರಗೆ ಎಂಬುದು ಇಲ್ಲ ಎಂದು ಅವನು ಹೇಳಿದ. ಹೇಳುವಾಗ ಬಾಗಿಲ ಕಡೆ ನೋಡಿದ. ಪ್ರಶ್ನೆಗಳು ಮುಗಿಯುವ ತನಕ ಬಾಗಿಲು ತೆಗೆಯುವ ಪದ್ಧತಿ ಅಲ್ಲಿರಲಿಲ್ಲ.

"ಯಾವಾಗಿನಿಂದ?" ಎಂದು ಕಿವಿ ಡಾಕ್ಟರು ಕೇಳಿದ್ದು ಮೊನ್ನೆ. ಅವರ ಕೋಣೆ ಪುಟ್ಟದು. ಗೋಡೆಗೆಲ್ಲ ಮೆತ್ತೆ ಹೊದಿಸಿದ ಹಾಗೆ ಸ್ಪಂಜು ಅಂಟಿಸಿದ್ದರು, ಮಾತಾಡಿದರೆ ಮಾತು ತುಟಿಯ ಹತ್ತಿರವೇ ಸತ್ತುಬೀಳುತ್ತಿತ್ತು. ಗಾಜಿನ ಆಚೆ ಅವನ ಹೆಂಡತಿ ತಲೆಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು, ಸದ್ದು ಕೇಳಿಸಿದಾಗ ಒತ್ತಬೇಕಾದ ಗುಂಡಿಯನ್ನು ಹೆಬ್ಬೆರಳಿನ ಕೆಳಗಿಟ್ಟುಕೊಂಡು, ಪರೀಕ್ಷೆಗೆ ಕೂತವಳ ಹಾಗೆ ನೆಟ್ಟಗೆ ಕೂತಿದ್ದಳು. ಹೆಬ್ಬೆರಳು ಅಲುಗುತ್ತಲೇ ಇರಲಿಲ್ಲ. ಡಾಕ್ಟರು ಸದ್ದು ಹೆಚ್ಚಿಸುವ ತಿರುಪು ತಿರುಗಿಸುತ್ತಾ ಹೋದರು, ಹೆಬ್ಬೆರಳು ಸುಮ್ಮನಿತ್ತು, ಇನ್ನೂ ತಿರುಗಿಸಿದರು. ಯಾವಾಗಿನಿಂದ ಎಂದು ಅವನಿಗೆ ಗೊತ್ತಿರಲಿಲ್ಲ. ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಎಂದು ಎದ್ದು ನಿಂತು ಹೇಳಬಲ್ಲ ಮನುಷ್ಯ, ಒಂದೇ ಸೂರಿನಡಿ ಇರುವ ಹೆಂಡತಿಗೆ ಯಾವ ವರ್ಷದಿಂದ ಕಿವಿ ಕೇಳಿಸುತ್ತಿಲ್ಲ ಎಂದು ಹೇಳಲಾರದೆ ತಡವರಿಸಿದ. "ಇತ್ತೀಚೆಗೆ ಇರ್ಬೇಕು" ಎಂದ. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಇತ್ತೀಚೆಗಲ್ಲ. ಎಂಟು, ಹತ್ತು ವರ್ಷದಿಂದ ನಿಧಾನಕ್ಕೆ ಇಳೀತಾ ಬಂದಿದೆ. ಇಂಥವರಿಗೆ ಸದ್ದು ಕೇಳುತ್ತೆ, ಮಾತು ಬಿಡಿಸಿ ಕೇಳಲ್ಲ. ಅರ್ಧ ಕೇಳಿ ಅರ್ಧ ತಾವೇ ತುಂಬಿಸ್ಕೋತಾರೆ. ತುಟಿ ನೋಡ್ಕೊಂಡು ನಡೆಸ್ತಾರೆ. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?" ಎಂದರು. ಮನೆಯಲ್ಲಿ ಯಾರು ಎಂದರೆ ಅವನೇ. ಇಬ್ಬರೇ ಇರುವ ಮನೆಯಲ್ಲಿ ಅವಳನ್ನು ಬಿಟ್ಟರೆ ಉಳಿಯುವುದು ಅವನೊಬ್ಬ.

ಗೊತ್ತಾದದ್ದು ಭಾವಮೈದುನನಿಗೆ. ಔಷಧದ ಅಂಗಡಿ ಇಟ್ಟುಕೊಂಡಿರುವ ಅವನು ಅಕ್ಕ ಬಂದಾಗ ಅಂಗಡಿಯ ಹಿಂಬದಿಯಿಂದ ಎರಡು ಸಲ ಕರೆದನಂತೆ, ಅವಳು ತಿರುಗಲಿಲ್ಲವಂತೆ. ಎದುರಿಗೆ ಬಂದು ತುಟಿ ಅಲ್ಲಾಡಿಸಿದ ಕೂಡಲೇ ಉತ್ತರ ಕೊಟ್ಟಳಂತೆ. ಸಂಜೆ ಮನೆಗೆ ಬಂದು, "ಅಲ್ಲ ಭಾವ, ನೀವು ಲೋಕ ಹುಟ್ಟಿದಾಗಿನ ಬೆಳಕು ಎಲ್ಲಿದೆ ಅಂತ ಊರಿಗೆಲ್ಲ ತೋರಿಸ್ತೀರಂತೆ. ಪಕ್ಕದಲ್ಲಿ ಕೂತ ನಮ್ಮಕ್ಕಂಗೆ ಕಿವಿ ಮಂದ ಅನ್ನೋದು ಕಾಣಿಸಲಿಲ್ವಾ?" ಎಂದು ಹಲ್ಲು ಬಿಟ್ಟಿದ್ದ. ತಮಾಷೆಗೆ ಹೇಳಿದ್ದು. ಅಕ್ಕನೂ ತಮ್ಮನೂ ಇಬ್ಬರೂ ನಕ್ಕರು. ಅವನೂ ನಕ್ಕ, ದೀಪದ ಬುಡ ಕತ್ತಲೆ ಅಂತಾರಲ್ಲಪ್ಪ ಎಂದು ಒಂದು ಗಾದೆಯನ್ನೂ ಒದಗಿಸಿದ. ಆದರೆ ಅವಳ ನಗು ಒಂದು ಕ್ಷಣ ತಡವಾಗಿ ಬಂದದ್ದನ್ನು ಅವತ್ತು ಮೊದಲ ಸಲ ಗಮನಿಸಿದ. ಬೇರೆಯವರು ನಕ್ಕದ್ದನ್ನು ನೋಡಿ ಅವಳು ನಗುತ್ತಿದ್ದಳು. ಎಷ್ಟೋ ವರ್ಷಗಳಿಂದ ಅವಳ ಈ ತಡವಾದ ನಗುವನ್ನು ಅವನು ತಿರಸ್ಕಾರ ಎಂದು ತಿಳಿದಿದ್ದ. ತಾನು ಹೇಳಿದ ಮಾತು ನಗಲು ಲಾಯಕ್ಕಲ್ಲ, ಆದರೂ ಪಾಪ ಎಂದು ನಗುತ್ತಿದ್ದಾಳೆ ಎಂದುಕೊಂಡಿದ್ದ.

"ಸಾರ್, ಅದಕ್ಕೂ ಮೊದಲು ಏನಿತ್ತು?" ಈ ಪ್ರಶ್ನೆ ಬರದೆ ಯಾವ ಪ್ರದರ್ಶನವೂ ಮುಗಿದದ್ದಿಲ್ಲ. ಕೇಳಿದ ಹೆಂಗಸು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನಿಜಕ್ಕೂ ಗೊತ್ತಾಗಲೇಬೇಕು ಎಂಬ ಹಾಗೆ ಮುಂದೆ ಬಾಗಿದ್ದಳು. ಇದಕ್ಕೆ ಅವನ ಹತ್ತಿರ ಎರಡು ಉತ್ತರಗಳಿದ್ದವು. ಮೊದಲು ಎನ್ನುವುದಕ್ಕೆ ಕಾಲ ಬೇಕು, ಕಾಲವೇ ಆಗ ಶುರುವಾಗಿದ್ದರೆ ಮೊದಲು ಎಂಬ ಮಾತಿಗೆ ಅರ್ಥವಿಲ್ಲ ಎಂಬುದು ಒಂದು. ಯಾರಿಗೂ ಗೊತ್ತಿಲ್ಲ ಎಂಬುದು ಇನ್ನೊಂದು. ಎರಡನೆಯದೇ ನಿಜ, ಆದರೆ ಟಿಕೆಟ್ಟು ತೆಗೆದುಕೊಂಡು ಬಂದವರಿಗೆ ಗೊತ್ತಿಲ್ಲ ಎಂದು ಹೇಳಿ ಕಳಿಸುವುದು ಮೇಲಿನವರಿಗೆ ಇಷ್ಟವಿರಲಿಲ್ಲ. ಅವನು ಮೊದಲನೆಯದನ್ನು ಹೇಳತೊಡಗಿದ. ಹೇಳುತ್ತಿದ್ದವನ ಕಣ್ಣ ಮುಂದೆ ಅಡುಗೆಮನೆಯ ಬಾಗಿಲು ಬಂದು ನಿಂತಿತು. ಮೊನ್ನೆಯಿಂದ ಅದು ಹಾಗೆಯೇ ಬಂದು ನಿಲ್ಲುತ್ತಿದೆ, ಎಷ್ಟೋ ವರ್ಷಗಳ ಹಿಂದಿನ ಒಂದು ಸಂಜೆ. ಹೆಂಡತಿ ಬೆನ್ನು ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಾಳೆ, ನಲ್ಲಿ ಸುರಿಯುತ್ತಿದೆ, ಅವನು ಬಾಗಿಲ ಚೌಕಟ್ಟಿಗೆ ಒಂದು ಕೈ ಊರಿ ನಿಂತಿದ್ದಾನೆ. ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ಗುಮ್ಮಟದ ಒಳಮೈಗೆ ಬೆಳಕು ಬಿಟ್ಟು ಇದೇ ನಕ್ಷತ್ರ ಎಂದು ನಂಬಿಸುವ ಕೆಲಸವಲ್ಲ ಅದು. ನಿಜವಾದ ಗುಮ್ಮಟ, ತೆರೆದುಕೊಳ್ಳುವ ಗುಮ್ಮಟ, ಒಳಗೆ ನಿಜವಾದ ದೂರದರ್ಶಕ. ಓದುವ ಕಾಲದಿಂದ ಅವನು ಬೇಡಿಕೊಂಡದ್ದು ಅದೊಂದನ್ನೇ. ಬೆಟ್ಟದ ಮೇಲೆ ಮನೆ ಕೊಡುತ್ತಾರೆ, ಆದರೆ ಅಂಗಡಿಯಿಲ್ಲ, ನೆರೆಯಿಲ್ಲ, ತವರು ದೂರ. "ಬೆಟ್ಟದ ಕೆಲಸ ಸಿಕ್ಕಿದೆ. ಹೋಗೋಣ್ವಾ?" ಎಂದು ಅವನು ಅವಳ ಬೆನ್ನಿಗೆ ಕೇಳಿದ. ಅವಳು ತಿರುಗಲಿಲ್ಲ. ಒಂದು ಪಾತ್ರೆ ತೊಳೆದಿಟ್ಟಳು, ಇನ್ನೊಂದು ಎತ್ತಿಕೊಂಡಳು. ಅವಳ ಭುಜ ಒಂದಿಷ್ಟು ಬಿಗಿಯಾಯಿತೆಂದು ಅವನಿಗೆ ಕಂಡಿತು. ಅವನು ಹೊರಗೆ ಬಂದ. ಆ ವಾರವೇ ಬರುವುದಿಲ್ಲ ಎಂದು ಬೆಟ್ಟದವರಿಗೆ ತಿಳಿಸಿದ.

ಮೌನ ಒಪ್ಪಿಗೆಯ ಲಕ್ಷಣ ಎಂದು ಲೋಕವೆಲ್ಲ ಹೇಳುತ್ತದೆ. ಅವನ ಮನೆಯಲ್ಲಿ ಮಾತ್ರ ಅದು ನಿರಾಕರಣೆಯಾಯಿತು. ಆ ನಿರಾಕರಣೆಯನ್ನು ಅವನು ಜೋಪಾನವಾಗಿ ಇಟ್ಟುಕೊಂಡ. ಎದುರಿಗೆ ಒಂದು ದಿನವೂ ಎತ್ತಿ ಆಡಲಿಲ್ಲ. ಎತ್ತಿ ಆಡದಿರುವುದೇ ತನ್ನ ದೊಡ್ಡತನ ಎಂದು ಒಳಗೊಳಗೇ ಹಿಗ್ಗುತ್ತಿದ್ದ. ಆದರೆ ಅದು ಬೇರೆ ಬೇರೆ ದಾರಿಯಿಂದ ಹೊರಬರುತ್ತಿತ್ತು. ಅವಳು ಏನಾದರೂ ಎರಡನೆಯ ಸಲ ಕೇಳಿದರೆ, ಕಿವುಡನ ಮುಂದೆ ಶಂಖ ಊದಿದ ಹಾಗೆ ಎಂದು ಗೊಣಗುತ್ತಿದ್ದ. ಎರಡು ಸಲ ಹೇಳಬೇಕಾಗುತ್ತದೆಂದು ಕ್ರಮೇಣ ಒಂದು ಸಲವೂ ಹೇಳದಾದ. ಸಂಬಳ ಹೆಚ್ಚಾದದ್ದು, ತಲೆಸುತ್ತು ಬಂದು ಮೆಟ್ಟಿಲ ಮೇಲೆ ಕೂತದ್ದು, ಯಾವುದನ್ನೂ ಹೇಳಲಿಲ್ಲ. ಮಾತಾಡುವಾಗ ಅವಳು ತನ್ನ ಬಾಯನ್ನೇ ದಿಟ್ಟಿಸುವುದು ಅವನಿಗೆ ಮೈ ಉರಿಸುತ್ತಿತ್ತು. ಹಲ್ಲು ಎಣಿಸ್ತಾ ಇದ್ದೀಯಾ ಎಂದು ಒಂದು ದಿನ ಕೇಳಿಬಿಟ್ಟಿದ್ದ. ಆವತ್ತಿನಿಂದ ಅವಳು ಅವನು ಮಾತಾಡುವಾಗ ನೆಲ ನೋಡುತ್ತಿದ್ದಳು. ನೆಲ ನೋಡಿದರೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ ಎಂಬುದು ಈಗ, ಗುಮ್ಮಟದ ಕೆಳಗೆ ನಿಂತು ಕಾಲದ ಆರಂಭವನ್ನು ವಿವರಿಸುತ್ತಿರುವಾಗ ಹೊಳೆದು ಅವನ ಮಾತು ತಪ್ಪಿತು. "ಏನು ಹೇಳ್ತಿದ್ದೆ?" ಎಂದು ಮಗುವಿನ ತಾಯಿಯನ್ನೇ ಕೇಳಿದ. "ಮೊದಲು ಅನ್ನೋದೇ ಇಲ್ಲ ಅಂದ್ರಿ" ಎಂದು ಅವಳು ನೆನಪಿಸಿದಳು. ಅವಳಿಗೆ ನಿರಾಸೆಯಾಗಿತ್ತು.

ಬಾಗಿಲು ತೆರೆಯಿತು. ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಹೋದರು. ಟಿಕೆಟ್ಟಿನ ಕಿಟಕಿಯ ಹೆಂಗಸು, "ಏನ್ ಸಾರ್, ಇವತ್ತು ಬೇಗ ಲೋಕ ಸೃಷ್ಟಿ ಮುಗಿಸಿಬಿಟ್ರಿ?" ಎಂದಳು. ಆಸ್ಪತ್ರೆಗೆ ಹೋಗಬೇಕು, ಮನೆಯವಳಿಗೆ ಕಿವಿಯ ಯಂತ್ರ ಹಾಕುತ್ತಾರೆ ಎಂದು ಹೇಳಲು ಬಾಯಿ ತೆರೆದವನು ಏನೋ ಕೆಲಸ ಎಂದಷ್ಟೇ ಹೇಳಿ ದಾಟಿದ. ಬೀದಿಯಲ್ಲಿ ನಡೆಯುತ್ತಾ ಲೆಕ್ಕ ಹಾಕಿದ. ಲೆಕ್ಕ ಎಲ್ಲಿಗೂ ಮುಟ್ಟಲಿಲ್ಲ. ಬೆಟ್ಟದ ಮಾತು ಬಂದದ್ದು ಡಾಕ್ಟರು ಹೇಳಿದ ಎಂಟು, ಹತ್ತು ವರ್ಷಗಳ ಅಂಚಿನಲ್ಲಿ. ಆಗ ಅವಳಿಗೆ ಕೇಳುತ್ತಿತ್ತೋ ಇಲ್ಲವೋ? ಕೇಳಿರದಿದ್ದರೆ ಅವಳು ಬೇಡ ಎನ್ನಲೇ ಇಲ್ಲ. ಅವನನ್ನು ಆ ಸುಣ್ಣದ ಗುಮ್ಮಟದೊಳಗೆ ಹಾಕಿ ಬೀಗ ಜಡಿದವರು ಯಾರೂ ಇಲ್ಲ. ಅವನು ಇಷ್ಟು ವರ್ಷ ಜಗಳವಾಡಿದ್ದು ನಲ್ಲಿಯ ನೀರಿನ ಸದ್ದಿನ ಜೊತೆ. ಹಾಗೆ ಎಂದುಕೊಂಡಾಗ ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ಅವಳು ಬೇಡ ಎಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಮುಂದೆ ಹೋಗುತ್ತಿದ್ದವನ ಹಿಮ್ಮಡಿ ತುಳಿದುಬಿಟ್ಟ. ಕಣ್ಣು ಕಾಣಲ್ವೇನ್ರೀ ಎಂದು ಆ ಮನುಷ್ಯ ಚಪ್ಪಲಿ ಸರಿಮಾಡಿಕೊಂಡ. ಇವನು ಕ್ಷಮಿಸಿ ಎಂದು ಎರಡು ಸಲ ಹೇಳಿದ. ಏನೇ ಆಗಲಿ ಇವತ್ತು ಅವಳನ್ನು ಕೇಳಲೇಬೇಕು, ಇನ್ನು ತಡೆಯಲಾರೆ ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನಿರ್ಧರಿಸಿದ.

ಯಂತ್ರ ಅವರೆಕಾಳಿಗಿಂತ ಸ್ವಲ್ಪ ದೊಡ್ಡದು, ಚರ್ಮದ ಬಣ್ಣದ್ದು. ಎರಡೂ ಕಿವಿಗಳ ಹಿಂದೆ ಅದನ್ನು ಸಿಕ್ಕಿಸಿಕೊಂಡು ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವನು ಬಂದದ್ದನ್ನು ನೋಡಲಿಲ್ಲ, ಹೆಜ್ಜೆ ಕೇಳಿಯೇ ತಲೆಯೆತ್ತಿದಳು. ಇಬ್ಬರಿಗೂ ಅದು ವಿಚಿತ್ರವೆನ್ನಿಸಿತು. "ನಿಮ್ಮ ಚಪ್ಪಲಿ ಎಷ್ಟು ಸದ್ದು ಮಾಡುತ್ತೆ ರೀ!" ಎಂದಳು. ಆಮೇಲೆ ತನ್ನದೇ ಮಾತಿಗೆ ಬೆಚ್ಚಿ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ನನ್ನ ಗಂಟಲು ಹಿಂಗಾಗಿದೆಯಾ? ಮುದುಕಿ ಥರ ಇದೆಯಲ್ಲ!" ಅವನು ನಕ್ಕ. "ನೀವು ಏನಾದ್ರೂ ಮಾತಾಡಿ" ಎಂದು ಅವಳು ಹೇಳಿದಳು. ಸಾವಿರಾರು ಜನರ ಮುಂದೆ ನಿಂತು ಮಾತಾಡುವವನು ಬಿಸಿಲು ಇಳೀತಾ ಇದೆ ಎಂದ. ಅವಳು ಕಣ್ಣು ಮುಚ್ಚಿಕೊಂಡು ಅದನ್ನು ಕೇಳಿದಳು. "ನಿಮ್ಮ ದನಿ ಚೆನ್ನಾಗಿದೆ. ನಾನು ಮರೆತೇಬಿಟ್ಟಿದ್ದೆ" ಎಂದಳು. ಈ ಹೆಂಗಸನ್ನು ನಾನು ಪ್ರೀತಿಸುತ್ತೇನೆ ಎಂದು ಎಷ್ಟೋ ಕಾಲದ ನಂತರ ಅವನಿಗೆ ನೇರವಾಗಿ ಅನ್ನಿಸಿತು, ಜೊತೆಗೇ ಭಯವೂ ಆಯಿತು.

ಬಸ್ಸಿನ ನಿಲ್ದಾಣದಲ್ಲಿ ಜನ ಕಡಿಮೆಯಿದ್ದರು. ಅವಳು ಎಲ್ಲದರ ಕಡೆಗೂ ತಿರುಗಿ ತಿರುಗಿ ನೋಡುತ್ತಿದ್ದಳು: ಶಟರು ಎಳೆದ ಸದ್ದು, ಯಾರದೋ ಕೀಲಿ ಗೊಂಚಲು, ಕಾಗದದ ಪೊಟ್ಟಣ ಸುಕ್ಕಾದದ್ದು. ಇದೆಲ್ಲ ಇಷ್ಟು ದಿನ ಎಲ್ಲಿ ಹೋಗಿತ್ತೋ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅವನು ಕೇಳುವುದಿದ್ದರೆ ಈಗಲೇ ಕೇಳಬೇಕು, ಮನೆಗೆ ಹೋದರೆ ಮತ್ತೆ ಅದೇ ಅಡುಗೆಮನೆ, ಅದೇ ಬೆನ್ನು. "ಒಂದು ಮಾತು" ಎಂದ. ಅವಳು ಅಭ್ಯಾಸಬಲದಿಂದ ಅವನ ತುಟಿ ನೋಡಿದಳು, ಕೂಡಲೇ ನೆನಪಾಗಿ ಕಣ್ಣು ಕೆಳಗೆ ಹಾಕಿದಳು. "ನೋಡು, ಪರವಾಗಿಲ್ಲ, ನೋಡು" ಎಂದು ಅವನು ಗಡಿಬಿಡಿಯಿಂದ ಹೇಳಿದ. "ತುಂಬಾ ಹಿಂದೆ ಒಂದು ಸಂಜೆ ನೀನು ಪಾತ್ರೆ ತೊಳೀತಿದ್ದೆ. ಬೆಟ್ಟದ ಕೆಲಸದ ವಿಷಯ ನಾನು ಬಂದು ನಿನಗೆ ಹೇಳಿದ್ದೆ. ನಿನಗೆ ಅದು ಕೇಳಿಸಿರಲಿಲ್ಲ, ಅಲ್ವಾ?" ಕೇಳಿಸಿರಲಿಲ್ಲ ಎನ್ನಲಿ ಎಂದು ಬಯಸುತ್ತಿದ್ದೇನೆಯೋ, ಕೇಳಿಸಿತ್ತು ಎನ್ನಲಿ ಎಂದೋ, ಅವನಿಗೇ ತಿಳಿಯಲಿಲ್ಲ.

"ಕೇಳಿಸಿತ್ತು" ಎಂದಳು.

ಬಸ್ಸೊಂದು ಬಂತು, ಅವರದಲ್ಲ. ಅದು ಹೋಗುವ ತನಕ ಅವಳು ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟುಕೊಂಡಿದ್ದಳು. "ಪೂರ್ತಿ ಅಲ್ಲ. ನಲ್ಲಿ ಬಿಟ್ಟಿದ್ದೆನಲ್ಲ. ಬೆಟ್ಟ ಅಂದಿದ್ದು ಕೇಳಿಸ್ತು, ಕೆಲಸ ಅಂದಿದ್ದು ಕೇಳಿಸ್ತು. ಆಮೇಲೆ 'ಹೋಗ್ಲಾ' ಅಂದ್ರಿ. ಹೋಗ್ಲಾ ಅಂತ ಕೇಳೋ ಗಂಡನಿಗೆ ಏನಂತ ಹೇಳೋದು? ಹೋಗಿ ಅಂದ್ರೆ ನನ್ನನ್ನ ಬಿಟ್ಟು ಹೊರಟೇಬಿಡ್ತೀರಿ. ಬೇಡ ಅಂದ್ರೆ ನಿಮ್ಮ ಆಸೆಗೆ ನಾನು ಅಡ್ಡ ಬಂದ ಹಾಗಾಗುತ್ತೆ. ನಂಗೆ ನಲ್ಲಿ ನಿಲ್ಸೋಕೂ ಕೈ ಬರಲಿಲ್ಲ. ಇನ್ನೊಂದ್ಸಲ ಕೇಳ್ತಾರೆ, ಆಗ ತಿರುಗಿ ಮುಖ ನೋಡಿ ಹೇಳಿದರಾಯ್ತು ಅಂತ ಕಾದೆ. ನೀವು ಮತ್ತೆ ಕೇಳಲೂ ಇಲ್ಲ, ಹೋಗಲೂ ಇಲ್ಲ." ಅವಳು ಮುಗುಳ್ನಕ್ಕಳು, ಈ ಸಲ ತಡವಾಗಲಿಲ್ಲ. "ನನ್ನ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ, ಪಾಪ, ಅದಕ್ಕೇ ಉಳ್ಕೊಂಡ್ರು ಅಂತ ತಿಳ್ಕೊಂಡೆ. ಆಮೇಲಾಮೇಲೆ ನೀವು ಎಷ್ಟು ಸಿಡುಕಿದ್ರೂ ಅದನ್ನ ನೆನೆಸ್ಕೊಂಡು ಸುಮ್ಮನಾಗ್ತಿದ್ದೆ."

"ಹೋಗ್ಲಾ ಅಂದಿರಲಿಲ್ಲ ಕಣೇ. ಹೋಗೋಣ್ವಾ ಅಂದಿದ್ದೆ." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ರೂಢಿಯಾದ ಅವನ ನಾಲಿಗೆ ಅದನ್ನು ಹೇಳಿ ಮುಗಿಸಿತ್ತು. ಹೇಳುವಾಗ ಅದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವಳು ಅವನನ್ನು ನೋಡಿದಳು. "ಹೋಗೋಣ್ವಾ ಅಂದ್ರಾ? ಇಬ್ಬರೂನಾ?" ಮುಖ ನಿಧಾನಕ್ಕೆ ಕಳೆಗುಂದಿತು. "ಅಯ್ಯೋ, ಈ ಹಾಳು ಕಿವಿಗಿಷ್ಟು ಬೆಂಕಿ ಹಾಕ! ನಾನು ಬರ್ತಿದ್ದೆ ರೀ. ಕಾಡಾಗಲಿ ಬೆಟ್ಟ ಆಗಲಿ, ಅವತ್ತೇ ಬಟ್ಟೆ ಗಂಟು ಕಟ್ಕೊಂಡು ಬರ್ತಿದ್ದೆ. ಜೀವಮಾನವಿಡೀ ಕಾದಿದ್ದ ಕೆಲಸ ನಿಮ್ಮದು, ನನ್ನ ಕಿವೀನಲ್ಲಿ ಬಿದ್ದು ಹಾಳಾಗೋಯ್ತಲ್ಲ. ಒಂದ್ ದಿನ ಅಂದ್ರೆ ಒಂದ್ ದಿನಾನೂ ನೀವು ಅದನ್ನ ಎತ್ತಿ ಆಡಲಿಲ್ಲ." ಅಲ್ಲಿ ನಿಂತಿದ್ದ ನಾಲ್ಕು ಜನ ಆಚೆ ಮುಖ ತಿರುಗಿಸಿದರು. ಅವಳು ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡು, ತನ್ನ ಕಿವಿಗಳನ್ನು ಬೈದುಕೊಳ್ಳುತ್ತಾ ಅಳತೊಡಗಿದಳು. ಆ ಅಳುವಿನ ಮಧ್ಯೆ, ಕರೆಯದೆ, ಆ ಸಂಜೆ ಪೂರ್ತಿಯಾಗಿ ಅವನ ಹತ್ತಿರ ಬಂತು. ಕೆಲಸ ಸಿಕ್ಕ ಸುದ್ದಿ ಹೊತ್ತು ಮನೆಯ ಮೆಟ್ಟಿಲು ಹತ್ತುತ್ತಾ ಅವನು ಹೋಗೋಣ್ವಾ, ಹೋಗೋಣ್ವಾ ಎಂದು ಬಾಯಿಪಾಠ ಮಾಡಿಕೊಂಡಿದ್ದ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನೈಟಿಯ ಮೇಲೆ ಹಳೆ ಟವೆಲು ಹೊದ್ದ ಅವಳ ಬೆನ್ನು ಕಂಡಿತು. ಆ ಬೆನ್ನಿಲ್ಲದ ಬೆಟ್ಟದ ಮನೆಯೊಂದು, ಒಬ್ಬನೇ ತೆರೆದ ಗುಮ್ಮಟದ ಕೆಳಗೆ ನಿಂತ ತಾನು, ಕಣ್ಣೆವೆಯಿಕ್ಕುವಷ್ಟು ಹೊತ್ತು ಕಂಡುಹೋಯಿತು. ಎಂಥ ಸುಖವಾಗಿತ್ತು ಅದು! ಬಾಯಿ ಹೋಗ್ಲಾ ಎಂದಿತ್ತು. ತನ್ನ ದನಿಯಲ್ಲಿಯೇ, ನಲ್ಲಿಯ ಸದ್ದಿನ ಮೇಲೆ, ಅದು ಅವನಿಗೆ ಕೇಳಿಸಿತು. ಅವಳ ಕಿವಿ ಅವತ್ತು ಸರಿಯಾಗಿಯೇ ಕೇಳಿಸಿಕೊಂಡಿತ್ತು.

ಅದನ್ನು ಈಗ ಹೇಳಿಬಿಡಬೇಕು. ಒಂದೇ ವಾಕ್ಯ. ಬೈಯಬೇಡ, ನಿನ್ನ ಕಿವಿಯದೇನೂ ತಪ್ಪಿಲ್ಲ ಎಂದರೆ ಸಾಕು. ಹೇಳಿದರೆ ತನಗಾಗಿ ಉಳಿದ ಗಂಡ ಎಂದು ಅವಳು ಇಷ್ಟು ವರ್ಷ ನೆಚ್ಚಿಕೊಂಡಿದ್ದು ಹೋಗುತ್ತದೆ. ಹೇಳದಿದ್ದರೆ ಅವನ ಬದುಕು ಹಾಳುಮಾಡಿದೆ ಎಂಬ ಹೊರೆಯನ್ನು ಹೊತ್ತು ಅವಳು ಮನೆಗೆ ಬರುತ್ತಾಳೆ. ಅವನು ಉಸಿರೆಳೆದುಕೊಂಡ. ತುಟಿ ಬಿಚ್ಚಿತು. ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು, ಮಾತಾಗುವ ಮೊದಲಿನ ಸದ್ದು. ಮಾಮೂಲು ದಿನವಾಗಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ತಟ್ಟನೆ ಅಳು ನಿಲ್ಲಿಸಿ, ಒದ್ದೆ ಮುಖವನ್ನು ಅವನ ಕಡೆ ತಿರುಗಿಸಿದಳು.

"ಏನಾದ್ರೂ ಅಂದ್ರಾ?"

"ಏನೂ ಇಲ್ಲ" ಎಂದ.

ತೀರಾ ಮೆಲ್ಲಗೆ ಹೇಳಿದ್ದ. ಆದರೂ ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು.